ಬರಹದ ಧಾಟಿ ಬದಲಿಸಲು ಎಐ: ಪದೇ ಪದೇ ಕೇಳುವ ಪ್ರಶ್ನೆಗಳು

ಬರೆದದ್ದನ್ನು ಎಐಗೆ (ಕೃತಕ ಬುದ್ಧಿಮತ್ತೆಯ ಸಾಧನಕ್ಕೆ) ಕೊಟ್ಟು "ಸ್ವಲ್ಪ ಗಂಭೀರವಾಗಿ ಮಾಡಿಕೊಡು", "ಇದನ್ನೇ ಮೆತ್ತಗೆ ಹೇಳು" ಅನ್ನುವವರು ಈಗ ಬಹಳ ಜನ. ಅವರಿಂದ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

ಯಾರು, ಯಾರಿಗೆ, ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದಾರೆ ಅನ್ನುವುದೆಲ್ಲ ಧಾಟಿಯಲ್ಲೇ ಇರುತ್ತದೆ. ಹಾಗಾಗಿ ಧಾಟಿ ಬದಲಿಸಿದರೆ ಮಾತಿನ ಹೊಣೆಯೂ ಅಲ್ಲಾಡುತ್ತದೆ. ಸಾಧನ ಎಷ್ಟೇ ಜಾಣತನ ತೋರಿಸಿದರೂ ಆ ಹೊಣೆ ಹೊರುವವರು ನಾವು. ಕೆಳಗಿನ ಉತ್ತರಗಳೆಲ್ಲ ಈ ನಂಬಿಕೆಯಿಂದ ಬಂದವು.

## ಹೊಸಬರಿಗೆ

ಶೈಲಿ, ಧಾಟಿ ಅಂತೆಲ್ಲ ಹೇಳ್ತೀರಿ. ಎರಡೂ ಒಂದೇ ಅಲ್ವಾ?

ಹತ್ತಿರದವು, ಆದರೆ ಒಂದೇ ಅಲ್ಲ. ಶೈಲಿ ಅಂದರೆ ಬರಹದ ಕಟ್ಟು: ವಾಕ್ಯ ಉದ್ದವೋ ಗಿಡ್ಡವೋ, ಪದಗಳು ಸಂಸ್ಕೃತದ ಕಡೆ ವಾಲುತ್ತವೋ ಆಡುಮಾತಿನ ಕಡೆಗೋ, ವಿಷಯ ನೇರ ಬರುತ್ತದೋ ಸುತ್ತಿ ಬಳಸಿ ಬರುತ್ತದೋ. ಧಾಟಿ ಅಂದರೆ ಓದುವವರ ಕಡೆಗೆ ಬರೆದವರ ಭಾವ. ಆದರ, ಸಿಟ್ಟು, ಅವಸರ, ಸಲಿಗೆ ಎಲ್ಲ ಅದರಲ್ಲಿ ಸೇರುತ್ತವೆ.

ಈ ಮೂರು ವಾಕ್ಯ ನೋಡಿ. "ವರದಿ ನಾಳೆಯೊಳಗೆ ಬರಲಿ." "ವರದಿ ನಾಳೆಯೊಳಗೆ ಕಳಿಸಿಕೊಟ್ಟರೆ ಅನುಕೂಲ." "ವರದಿ ನಾಳೆಯಾದರೂ ಬರುತ್ತದೆಯೇ?" ಪದಗಳು ಹೆಚ್ಚುಕಡಿಮೆ ಅವೇ, ಕಟ್ಟೂ ಸರಳ. ಆದರೆ ಮೊದಲನೆಯದು ಅಪ್ಪಣೆ, ಎರಡನೆಯದು ಕೋರಿಕೆ, ಮೂರನೆಯದರಲ್ಲಿ 'ಆದರೂ' ಎಂಬ ಮೂರಕ್ಷರದಲ್ಲಿ ಹಳೆಯ ದೂರೆಲ್ಲ ಅಡಗಿ ಕೂತಿದೆ. ಎಐಗೆ ಹೇಳುವಾಗ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. "ವಾಕ್ಯ ಗಿಡ್ಡ ಮಾಡು" ಅನ್ನುವುದು ಒಂದು ಕೆಲಸ, "ಕೋಪ ಕಡಿಮೆ ಮಾಡು" ಅನ್ನುವುದು ಇನ್ನೊಂದು.

ನಾನು ಬರೆದದ್ದನ್ನು ಅದು ನಿಜವಾಗಿ ಅರ್ಥ ಮಾಡಿಕೊಂಡು ತಿದ್ದುತ್ತಾ?

ಮನುಷ್ಯರು ಅರ್ಥ ಮಾಡಿಕೊಳ್ಳುವ ಹಾಗೆ ಅಲ್ಲ. ಇಂಥ ಸಾಧನಗಳ ಒಳಗೆ ಭಾಷಾ ಮಾದರಿ ಇರುತ್ತದೆ. ಅಪಾರ ಬರಹವನ್ನು ಅದಕ್ಕೆ ಉಣಿಸಿ, ಇಷ್ಟು ಪದಗಳಾದ ಮೇಲೆ ಮುಂದೆ ಏನು ಬರುವ ಸಂಭವ ಹೆಚ್ಚು ಎಂದು ಊಹಿಸಲು ಕಲಿಸಿರುತ್ತಾರೆ. 2017ರಲ್ಲಿ ಗೂಗಲ್‌ನ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು ಮುಂದಿಟ್ಟರು. ಬರಹದ ಒಂದೊಂದು ತುಣುಕನ್ನೂ ಉಳಿದ ತುಣುಕುಗಳ ಜೊತೆ ತೂಗಿ ನೋಡುವುದು ಅದರ ಜೀವಾಳ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಈ ತಂತ್ರ ಎಲ್ಲರ ಕೈಗೂ ಸಿಕ್ಕಿತು.

ಇದರಿಂದ ನಮಗೆ ತಿಳಿಯಬೇಕಾದದ್ದು ಇಷ್ಟು: ಅದು ನಿಮ್ಮ ವಾಕ್ಯವನ್ನು ಪೆನ್ನು ಹಿಡಿದು ಅಲ್ಲಲ್ಲಿ ತಿದ್ದುವುದಿಲ್ಲ. ನಿಮ್ಮ ಬರಹವನ್ನು ಎದುರಿಗಿಟ್ಟುಕೊಂಡು ಮೊದಲ ಪದದಿಂದ ಕೊನೆಯ ಪದದವರೆಗೆ ಹೊಸದಾಗಿ ಬರೆಯುತ್ತದೆ. ಹಾಗೇ ಉಳಿದಂತೆ ಕಾಣುವ ಸಾಲು ಕೂಡ ಮತ್ತೊಮ್ಮೆ ಬರೆದದ್ದೇ. ಒಂದು ಅಂಕಿ ಬದಲಾಗುವುದು, ಒಂದು ಹೆಸರು ಬಿಟ್ಟುಹೋಗುವುದು, ನೀವು ಹೇಳದ ಕಾರಣ ನಡುವೆ ನುಸುಳುವುದು ಇದರಿಂದಲೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಕಂಡುಕೊಳ್ಳಬಹುದು.

ಕಾಗುಣಿತ ತಪ್ಪು ಮಾತ್ರ ನೋಡಿಕೊಡು ಅಂದ್ರೆ ವಾಕ್ಯವನ್ನೇ ಬದಲಿಸುತ್ತೆ. ಏನು ಮಾಡೋದು?

"ತಿದ್ದಿಕೊಡು" ಅನ್ನಬೇಡಿ. "ತಪ್ಪುಗಳನ್ನು ಪಟ್ಟಿ ಮಾಡು, ಪಠ್ಯವನ್ನು ಮತ್ತೆ ಬರೆಯಬೇಡ" ಅನ್ನಿ. ಪಟ್ಟಿ ನೋಡಿ ನೀವೇ ತಿದ್ದಿಕೊಳ್ಳಿ. ಹಳೆಯ ಕಾಗುಣಿತ ತಪಾಸಕಗಳು ಪದಕೋಶ, ನಿಯಮಗಳ ಮೇಲೆ ನಡೆಯುತ್ತಿದ್ದವು, ಗುರುತು ಮಾಡಿದ ಪದ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಆ ಶಿಸ್ತನ್ನು ಇಲ್ಲಿ ನಾವು ಬಾಯಿಬಿಟ್ಟು ಕೇಳಬೇಕು.

'ಚೆನ್ನಾಗಿ ಬರೆದುಕೊಡು' ಅಂದ್ರೆ ಯಾಕೆ ಚೆನ್ನಾಗಿ ಬರೋದಿಲ್ಲ?

'ಚೆನ್ನಾಗಿ' ಅನ್ನುವುದಕ್ಕೆ ಅಳತೆ ಇಲ್ಲ. 'ವೃತ್ತಿಪರವಾಗಿ', 'ಆಕರ್ಷಕವಾಗಿ' ಅನ್ನುವುದಕ್ಕೂ ಇಲ್ಲ. ಇಂಥ ಗುಣವಾಚಕ ಕೊಟ್ಟರೆ ಅದು ಓದಿದ ಸಾವಿರಾರು ವೃತ್ತಿಪರ ಪತ್ರಗಳ ಸರಾಸರಿಯನ್ನು ತೆಗೆದುಕೊಡುತ್ತದೆ. ಸರಾಸರಿ ಪತ್ರ ಯಾರದ್ದೂ ಆಗಿರುವುದಿಲ್ಲ, ಓದುವವರಿಗೂ ಅದು ಗೊತ್ತಾಗುತ್ತದೆ.

ಗುಣವಾಚಕದ ಬದಲು ಸನ್ನಿವೇಶ ಹೇಳಿ. ಯಾರು ಓದುತ್ತಾರೆ, ಅವರಿಗೂ ನಿಮಗೂ ಏನು ಸಂಬಂಧ, ಓದಿ ಮುಗಿಸಿ ಅವರು ಏನು ಮಾಡಬೇಕು, ಯಾವುದು ಬದಲಾಗಕೂಡದು. ನಾನು ಬಳಸುವ ಸೂಚನೆಯ ಮಾದರಿ ಹೀಗಿದೆ:

"ಕೆಳಗಿನ ಪತ್ರ ನನ್ನ ಮೇಲಧಿಕಾರಿಗೆ ಹೋಗುತ್ತದೆ. ಎರಡು ವರ್ಷದ ಪರಿಚಯ, ಸಲಿಗೆ ಇಲ್ಲ. ಕೆಲಸ ತಡವಾದದ್ದು ನನ್ನಿಂದಲೇ ಎಂದು ಒಪ್ಪಿಕೊಂಡಿದ್ದೇನೆ, ಅದನ್ನು ಮರೆಸಬೇಡ. ಗೋಗರೆದಂತೆ ಕೇಳಿಸಬಾರದು. ದಿನಾಂಕ, ಹೆಸರು, ಅಂಕಿ ಹಾಗೇ ಇರಲಿ. ಈಗಿರುವುದಕ್ಕಿಂತ ಉದ್ದವಾಗಬಾರದು."

ಕೊನೆಯ ಸಾಲನ್ನು ಮರೆಯಬೇಡಿ. ಬಿಟ್ಟರೆ ನಾಲ್ಕು ಸಾಲು ಹತ್ತಾಗುತ್ತದೆ, ಹೆಚ್ಚಾದ ಆರು ಸಾಲಿನಲ್ಲಿ ಹೊಸ ಸಂಗತಿ ಒಂದೂ ಇರುವುದಿಲ್ಲ. ಬೇಡದ್ದನ್ನು ಉದಾಹರಣೆ ಕೊಟ್ಟು ಹೇಳಿದರೆ ಇನ್ನೂ ಒಳ್ಳೆಯದು. "ಈ ಪತ್ರವು ತಮ್ಮನ್ನು ಕ್ಷೇಮವಾಗಿ ತಲುಪುತ್ತದೆ ಎಂದು ಆಶಿಸುತ್ತೇನೆ ಎಂಬಂಥ ಸಾಲು ಬೇಡ" ಅಂದರೆ ಆ ಜಾತಿಯ ಸಾಲುಗಳೆಲ್ಲ ದೂರ ಉಳಿಯುತ್ತವೆ.

## ಕನ್ನಡದಲ್ಲಿ ಬಳಸುವಾಗ

ಕನ್ನಡದಲ್ಲೇ ಕೊಟ್ಟು ಕನ್ನಡದಲ್ಲೇ ಕೇಳಿದರೂ ಇಂಗ್ಲಿಷ್ ವಾಸನೆ ಯಾಕೆ ಹೊಡೆಯುತ್ತೆ?

ಅದು ಉಂಡು ಬೆಳೆದದ್ದು ಹೆಚ್ಚಾಗಿ ಇಂಗ್ಲಿಷನ್ನೇ. 2020ರಲ್ಲಿ ಬಂದ ಜಿಪಿಟಿ-3 ಎಂಬ ಭಾಷಾ ಮಾದರಿಯ ತರಬೇತಿ ಬರಹದಲ್ಲಿ, ಪದಗಳ ಲೆಕ್ಕದಲ್ಲಿ, ಸುಮಾರು ಶೇ. 93 ಇಂಗ್ಲಿಷ್ ಇತ್ತು. ಜಗತ್ತಿನ ಉಳಿದೆಲ್ಲ ಭಾಷೆಗಳೂ ಮಿಕ್ಕ ಜಾಗದಲ್ಲಿ ಮುದುರಿ ಕೂತಿದ್ದವು. ಈಚಿನ ಮಾದರಿಗಳ ಕನ್ನಡ ಎಷ್ಟೋ ಮೇಲು, ಆದರೂ ವಾಕ್ಯದ ಮೂಳೆ ಇಂಗ್ಲಿಷಿನದೇ ಆಗಿಬಿಡುವುದುಂಟು. ಅಂತರಜಾಲದಲ್ಲಿರುವ ಕನ್ನಡದಲ್ಲೂ ಅನುವಾದವಾಗಿ ಬಂದದ್ದು ಸಾಕಷ್ಟಿದೆ: ಸಾಫ್ಟ್‌ವೇರ್ ಸೂಚನೆಗಳು, ಜಾಹೀರಾತು, ನಿಯಮಾವಳಿ. ಅದನ್ನು ಓದಿ ಕಲಿತ ಸಾಧನ ಹಾಗೇ ಬರೆಯುವುದು ಸಹಜ.

ವಾಸನೆ ಎಲ್ಲಿಂದ ಬರುತ್ತಿದೆ ಎಂದು ಗುರುತಿಸಲು ಕಲಿತರೆ ಅರ್ಧ ಗೆದ್ದಂತೆ. ನಾನು ಮೊದಲು ಹುಡುಕುವುದು 'ಒಂದು' ಎಂಬ ಪದವನ್ನು. "ಇದು ಒಂದು ಮುಖ್ಯವಾದ ವಿಷಯವಾಗಿದೆ" ಎಂದು ಬಂದಿದ್ದರೆ ಅಲ್ಲಿ 'ಒಂದು' ಎಣಿಕೆಗೆ ಬಂದಿಲ್ಲ, 'ಆಗಿದೆ' ಕೂಡ ದಂಡ. "ಇದು ಮುಖ್ಯ ವಿಷಯ" ಅಂದರೆ ಕನ್ನಡಕ್ಕೆ ಸಾಕು, ಕ್ರಿಯಾಪದವಿಲ್ಲದೆ ನಿಲ್ಲುವ ವಾಕ್ಯ ನಮ್ಮದು. ಆಮೇಲೆ 'ಹೊಂದಿದೆ'. "ಈ ಕೋಣೆ ಎರಡು ಕಿಟಕಿಗಳನ್ನು ಹೊಂದಿದೆ" ಎಂದು ಯಾರ ಬಾಯಲ್ಲೂ ಬರುವುದಿಲ್ಲ. "ಈ ಕೋಣೆಗೆ ಎರಡು ಕಿಟಕಿ" ಅನ್ನುತ್ತೇವೆ, ಎರಡು ಅಂದಮೇಲೆ 'ಗಳು' ಕೂಡ ಬೇಕೆನಿಸುವುದಿಲ್ಲ.

ಮೂರನೆಯದು 'ಮತ್ತು'. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಯಾಕೆಂದರೆ ಇಲ್ಲಿ ಕನ್ನಡದ ಚೆಲುವೇ ಹೋಗುತ್ತದೆ. "ಅವಳು ಒಳಗೆ ಬಂದಳು ಮತ್ತು ಕುಳಿತಳು ಮತ್ತು ಪತ್ರವನ್ನು ಓದಿದಳು" ಎಂದು ಕೊಂಡಿ ಹಾಕುತ್ತ ಹೋಗುತ್ತದೆ. "ಒಳಗೆ ಬಂದು, ಕೂತು, ಪತ್ರ ಓದಿದಳು" ಅಂದರೆ ಕೆಲಸಗಳು ಒಂದರ ಹಿಂದೆ ಒಂದು ಉರುಳಿಕೊಂಡು ಬಂದು ಕೊನೆಯ ಕ್ರಿಯಾಪದದಲ್ಲಿ ನಿಲ್ಲುತ್ತವೆ. ನಮ್ಮ ಗದ್ಯದ ಓಟ ಇರುವುದೇ ಈ 'ಬಂದು, ಕೂತು'ಗಳಲ್ಲಿ.

ಕರ್ಮಣಿ ಪ್ರಯೋಗ ಇನ್ನೊಂದು. "ನಿರ್ಧಾರವು ಸಮಿತಿಯಿಂದ ತೆಗೆದುಕೊಳ್ಳಲ್ಪಟ್ಟಿತು" ಅನ್ನುವುದಕ್ಕಿಂತ "ಸಮಿತಿ ನಿರ್ಧರಿಸಿತು" ಅಂದರೆ ಆಯಿತು. ಹಾಗೆಯೇ ಸಾಲುಸಾಲಿಗೂ 'ದಯವಿಟ್ಟು'. ಕನ್ನಡದ ವಿನಯ ಕ್ರಿಯಾಪದದಲ್ಲಿರುತ್ತದೆ. ಕಳಿಸಿ, ಕಳಿಸಿಕೊಡಿ, ಕಳಿಸಿಕೊಡ್ತೀರಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದರ ಮೇಲೆ ಮೂರು 'ದಯವಿಟ್ಟು' ಹೇರಿದರೆ ಬೇಡುವವರ ದನಿ ಬರುತ್ತದೆ.

ಇವನ್ನೆಲ್ಲ ಒಂದು ಕಡೆ ಬರೆದಿಟ್ಟು ಸೂಚನೆಯ ಜೊತೆಗೇ ಕೊಡಿ. ತಪ್ಪು ಸಾಲು, ಸರಿ ಸಾಲು ಜೋಡಿಯಾಗಿ ಇರಲಿ. ಫಲಿತಾಂಶ ಬಂದಮೇಲೆ ಗಟ್ಟಿಯಾಗಿ ಓದಿ. ಉಸಿರು ಎಲ್ಲಿ ಎಡವುತ್ತದೋ ಅಲ್ಲಿ ಇಂಗ್ಲಿಷ್ ಇದೆ.

ನೀನು, ನೀವು ಎರಡನ್ನೂ ಬೆರೆಸಿಬಿಡುತ್ತೆ. ತಡೆಯೋದು ಹೇಗೆ?

ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಪದ ಇರುವುದರಿಂದ ಆಗುವ ಎಡವಟ್ಟು ಇದು. ಸೂಚನೆಯ ಮೊದಲ ಸಾಲಿನಲ್ಲೇ "ಓದುಗರನ್ನು ನೀವು ಎಂದೇ ಕರೆ, ಕ್ರಿಯಾಪದಗಳೂ ಅದಕ್ಕೆ ಹೊಂದಲಿ" ಎಂದು ಹೇಳಿ. ಬರಹದಲ್ಲಿ ಬರುವ ಬೇರೆಯವರ ಬಗ್ಗೆಯೂ ಹೇಳಬೇಕು. ಹೆಸರು ನೋಡಿ ಗಂಡೋ ಹೆಣ್ಣೋ ಎಂದು ಅದು ಊಹಿಸುತ್ತದೆ, ಊಹೆ ತಪ್ಪಿದರೆ 'ಬಂದಳು' ಹೋಗಿ 'ಬಂದನು' ಆಗುತ್ತದೆ. ಹಿರಿಯರನ್ನು ಒಂದು ಸಾಲಿನಲ್ಲಿ 'ಹೇಳಿದರು' ಎಂದು ಬರೆದು ಮುಂದಿನ ಸಾಲಿನಲ್ಲಿ 'ಹೇಳಿದನು' ಎಂದು ಇಳಿಸಿದ್ದನ್ನೂ ನೋಡಿದ್ದೇನೆ. ಓದಿದ ಮನೆಯವರಿಗೆ ಅದು ಬರಿಯ ವ್ಯಾಕರಣದ ತಪ್ಪಾಗಿ ಕಾಣುವುದಿಲ್ಲ, ಅವಮಾನವಾಗಿ ಕಾಣುತ್ತದೆ. ವಾಕ್ಯದ ಕೊನೆಗಳನ್ನಷ್ಟೇ ನೋಡುತ್ತ ಒಮ್ಮೆ ಓದಿದರೆ ಸಾಕು, ಇವೆಲ್ಲ ಕಣ್ಣಿಗೆ ಬೀಳುತ್ತವೆ.

ಆಡುಮಾತಿಗೆ ತಿರುಗಿಸು ಅಂದ್ರೆ ಯಾರೂ ಆಡದ ಮಾತು ಬರುತ್ತೆ!

ಆಡುಮಾತು ಎಂಬುದು ಒಂದೇ ಇಲ್ಲವಲ್ಲ. ಇದೆ, ಐತೆ, ಐತಿ, ಉಂಟು: ನಾಲ್ಕೂ ಕನ್ನಡವೇ, ನಾಲ್ಕನ್ನೂ ಒಬ್ಬರೇ ಆಡುವುದಿಲ್ಲ. ಬರಿದೆ 'ಆಡುಮಾತು' ಅಂದರೆ ಸಾಧನ ಎಲ್ಲ ಕಡೆಯಿಂದ ಒಂದೊಂದು ಹಿಡಿ ತಂದು ಕಲಸುತ್ತದೆ, ಮೇಲೆ 'ಮಚ್ಚಾ', 'ಗುರು' ಉದುರಿಸುತ್ತದೆ.

ನಿಮ್ಮ ಮಾತಿನದೇ ಹತ್ತು ಸಾಲು ಕೊಡಿ. ಫೋನಿನಲ್ಲಿ ಧ್ವನಿ ಮುದ್ರಿಸಿ, ಆಡಿದ್ದನ್ನು ಆಡಿದ ಹಾಗೇ ಟೈಪು ಮಾಡಿದರೆ ಅದೇ ಒಳ್ಳೆಯ ಮಾದರಿ. ಅಷ್ಟು ಕೊಟ್ಟರೂ ಉಪಭಾಷೆಗಳಲ್ಲಿ ಅದು ಎಡವುತ್ತದೆ. ನನಗೆ ಗೊತ್ತಿಲ್ಲದ ಉಪಭಾಷೆಯಲ್ಲಿ ಅದು ಬರೆದುಕೊಟ್ಟದ್ದನ್ನು ನಾನು ಬಳಸುವುದಿಲ್ಲ, ಸರಿಯೋ ತಪ್ಪೋ ನೋಡುವ ಕಿವಿ ನನಗಿಲ್ಲವಾದ್ದರಿಂದ.

ಸೂಚನೆ ಕನ್ನಡದಲ್ಲಿ ಕೊಡ್ಲಾ, ಇಂಗ್ಲಿಷಲ್ಲಾ?

ಎರಡೂ ನಡೆಯುತ್ತದೆ. ಕೆಲಸದ ವಿವರ ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ. ಧಾಟಿಯನ್ನು ವರ್ಣಿಸುವ ಪದಗಳು ಮಾತ್ರ ಕನ್ನಡದಲ್ಲೇ ಇರಲಿ: ಸಲಿಗೆ, ಬಿಗುಮಾನ, ಗತ್ತು, ಸಂಕೋಚ, ಹುಸಿಮುನಿಸು. ಇವಕ್ಕೆ ಸಮನಾದ ಇಂಗ್ಲಿಷ್ ಪದ ಹುಡುಕಿ ಕೊಟ್ಟರೆ ಬಣ್ಣ ಮಾಸಿದ ಫಲಿತಾಂಶ ಬರುತ್ತದೆ. ಕನ್ನಡ ಬರಹವನ್ನು ಇಂಗ್ಲಿಷಿಗೆ ಮಾಡಿಸಿ, ಅಲ್ಲಿ ಧಾಟಿ ತಿದ್ದಿಸಿ, ಮತ್ತೆ ಕನ್ನಡಕ್ಕೆ ತರುವುದಂತೂ ಬೇಡವೇ ಬೇಡ.

ಇಂಗ್ಲಿಷ್‌ಗಿಂತ ಕನ್ನಡ ಬರಹಕ್ಕೆ ಮಿತಿ ಬೇಗ ಮುಗಿಯುತ್ತಲ್ಲ, ಯಾಕೆ?

ಒಂದು ಸಲಕ್ಕೆ ಎಷ್ಟು ಬರಹ ಎಂಬ ಮಿತಿಗೆ ಭಾಷಾ ಮಾದರಿ ಪದಗಳನ್ನು ಎಣಿಸುವುದಿಲ್ಲ, ಟೋಕನ್ ಎಂಬ ತುಣುಕುಗಳನ್ನು ಎಣಿಸುತ್ತದೆ. ಕಂಪ್ಯೂಟರು ಬರಹವನ್ನು ಇಟ್ಟುಕೊಳ್ಳುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. 'ನಮಸ್ಕಾರ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಲಿಪಿಗಳ ಚಿಹ್ನೆಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು ನ, ಮ, ಸ, ಒತ್ತಕ್ಷರ ಮಾಡುವ ಚಿಹ್ನೆ (್), ಕ, ದೀರ್ಘ, ರ ಎಂದು ಏಳು ಚಿಹ್ನೆ, ಅಂದರೆ 21 ಬೈಟ್. ತುಣುಕು ಮಾಡುವ ವಿಧಾನ ಇಂಗ್ಲಿಷ್ ಬರಹದ ಮೇಲೆ ಹೆಚ್ಚಾಗಿ ಪಳಗಿದ್ದರೆ ಕನ್ನಡ ಪದ ಪುಡಿಪುಡಿಯಾಗಿ ಹೆಚ್ಚು ಟೋಕನ್ ತಿನ್ನುತ್ತದೆ. ಹೊಸ ಮಾದರಿಗಳಲ್ಲಿ ಈ ಅಂತರ ತಗ್ಗಿದೆ. ಉದ್ದ ಬರಹವನ್ನು ಭಾಗ ಮಾಡಿ ಕೊಡುವುದೇ ಸುಲಭದ ದಾರಿ.

## ಅರ್ಥ ಜಾರದಂತೆ

ಧಾಟಿ ಮಾತ್ರ ಬದಲಿಸು ಅಂದಿದ್ದೆ, ಹೇಳಿದ ವಿಷಯವೇ ಬದಲಾಗಿದೆ. ಯಾಕೆ ಹೀಗೆ?

ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಕನ್ನಡದಲ್ಲಿ ಎಷ್ಟೋ ಅರ್ಥ ಪುಟ್ಟ ಬಾಲಗಳಲ್ಲಿರುತ್ತದೆ. "ಅವರು ರಾಜೀನಾಮೆ ಕೊಟ್ಟರಂತೆ" ಎಂದು ನೀವು ಬರೆದಿರಿ. ಗಂಭೀರ ಮಾಡು ಅಂದಿರಿ. "ಅವರು ರಾಜೀನಾಮೆ ನೀಡಿದ್ದಾರೆ" ಎಂದು ಬಂತು. ಓದಲು ಚೊಕ್ಕವಾಗಿದೆ. ಆದರೆ 'ಅಂತೆ' ಹೋದಾಗ ಕೇಳಿದ ಸುದ್ದಿ ನಿಮ್ಮ ಸಾಕ್ಷಿಯಾಯಿತು. "ನೋಡೋಣ, ಪ್ರಯತ್ನ ಮಾಡ್ತೀವಿ" ಎಂದದ್ದು "ಖಂಡಿತವಾಗಿ ನೆರವೇರಿಸುತ್ತೇವೆ" ಎಂದಾದಾಗ ಮಾತು ಕೊಟ್ಟಂತಾಯಿತು. 'ಆಗಬಹುದು' ಹೋಗಿ 'ಆಗುತ್ತದೆ' ಬಂದರೆ ಅನುಮಾನ ಖಾತ್ರಿಯಾಯಿತು.

ನನಗೇ ಆದದ್ದನ್ನು ಹೇಳುತ್ತೇನೆ. ಕೆಲಸವೊಂದು ತಡವಾದಾಗ "ಇದಕ್ಕೆ ಪೂರೈಕೆದಾರರೂ ಕಾರಣ" ಎಂದು ಬರೆದಿದ್ದೆ. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು, ಅವರ ಪಾಲೂ ಇತ್ತು. ಪತ್ರವನ್ನು ಬಿಗಿ ಮಾಡಿಸಿದಾಗ "ಪೂರೈಕೆದಾರರೇ ಕಾರಣ" ಎಂದಾಗಿತ್ತು. 'ಊ' ಇದ್ದಲ್ಲಿ 'ಏ', ಅಷ್ಟೇ ವ್ಯತ್ಯಾಸ. ನಾನು ಮೇಲೆ ಮೇಲೆ ಓದಿ ಕಳಿಸಿಬಿಟ್ಟೆ. ಅವರು ನೊಂದುಕೊಂಡು ಕರೆ ಮಾಡಿದಾಗ ಸಾಧನ ಬರೆದದ್ದು ಎಂದು ಹೇಳುವ ಮುಖ ನನಗಿರಲಿಲ್ಲ, ಕೆಳಗೆ ಸಹಿ ನನ್ನದೇ ಇತ್ತು. ಕ್ಷಮೆ ಕೇಳಿ ಹೊಸ ಪತ್ರ ಬರೆದೆ.

ಅಂದಿನಿಂದ ಎರಡು ಪಠ್ಯಗಳನ್ನೂ ಅಕ್ಕಪಕ್ಕ ಇಟ್ಟು ಬಾಲಗಳನ್ನಷ್ಟೇ ಹೋಲಿಸುತ್ತೇನೆ: ಬಹುದು, ಬೇಕು, ಅಂತೆ, ಏ, ಊ, ಆದರೂ, ಮಾತ್ರ. ಜೊತೆಗೆ ಅಂಕಿ, ದಿನಾಂಕ, 'ಇಲ್ಲ'ಗಳು. ಸಾಧನವನ್ನೇ ಕೇಳುವುದೂ ಉಂಟು: "ಎರಡನ್ನೂ ಹೋಲಿಸು. ಖಚಿತತೆ, ಭರವಸೆ, ಹೊಣೆ ಎಲ್ಲೆಲ್ಲಿ ಬದಲಾಗಿದೆ ಪಟ್ಟಿ ಮಾಡು." ಅದು ಹಲವನ್ನು ಹಿಡಿದುಕೊಡುತ್ತದೆ, ಎಲ್ಲವನ್ನೂ ಅಲ್ಲ. ಕೊನೆಯ ಓದು ನಿಮ್ಮದೇ ಆಗಿರಲಿ.

ಸಿಟ್ಟಲ್ಲಿ ಬರೆದದ್ದನ್ನು ಮೆತ್ತಗೆ ಮಾಡಿಸಬಹುದಾ?

ಮಾಡಿಸಬಹುದು, ಈ ಸಾಧನಗಳ ಒಳ್ಳೆಯ ಉಪಯೋಗಗಳಲ್ಲಿ ಅದೂ ಸೇರಿದೆ. ಅಪಾಯ ಏನೆಂದರೆ, ಮೆತ್ತಗೆ ಮಾಡುತ್ತ ಮಾಡುತ್ತ ದೂರೇ ಕರಗಿಹೋಗುತ್ತದೆ. ಮೂರು ಸಲ ಕೇಳಿಯೂ ಹಣ ಹಿಂದೆ ಬಂದಿಲ್ಲ ಎಂದು ನೀವು ಬರೆದದ್ದು "ಸಣ್ಣ ವಿಳಂಬವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ" ಎಂದಾಗಿ, ಕೊನೆಯಲ್ಲಿ ಧನ್ಯವಾದವೂ ಸೇರಿರುತ್ತದೆ.

"ವ್ಯಕ್ತಿಯ ಮೇಲಿನ ಮಾತುಗಳನ್ನು ತೆಗೆ, ಘಟನೆ ಮೇಲಿನ ಮಾತುಗಳನ್ನು ಉಳಿಸು" ಎಂದು ಹೇಳಿ. 'ನಿಮಗೆ ಜವಾಬ್ದಾರಿಯೇ ಇಲ್ಲ' ಹೋಗಲಿ, 'ಮೂರು ಸಲ ಕೇಳಿದ್ದೇನೆ' ಉಳಿಯಲಿ. ಏನು ಆಗಬೇಕು, ಯಾವ ದಿನದೊಳಗೆ ಆಗಬೇಕು ಎಂಬುದು ಒಂದಿಷ್ಟೂ ಮೆತ್ತಗಾಗಬಾರದು.

ಸಂತಾಪ ಪತ್ರ, ಕ್ಷಮಾಪಣೆ ಇಂಥವನ್ನು ಬರೆಸಿದರೆ ತಪ್ಪಾ?

ನಾನು ಬರೆಸುವುದಿಲ್ಲ. 'ತುಂಬಲಾರದ ನಷ್ಟ' ಎಂಬ ಮಾತು ಸಾಧನಕ್ಕೂ ಬರುತ್ತದೆ, ಎಲ್ಲರಿಗೂ ಬರುತ್ತದೆ. ಹೋದವರು ನಿಮ್ಮ ಹೆಸರನ್ನು ಹೇಗೆ ಕರೆಯುತ್ತಿದ್ದರು ಎಂಬುದು ನಿಮಗೆ ಮಾತ್ರ ಗೊತ್ತು, ಮನೆಯವರು ಇಟ್ಟುಕೊಳ್ಳುವುದು ಆ ಸಾಲನ್ನೇ. ಅದು ತೊದಲುತ್ತಿದ್ದರೆ ತೊದಲಲಿ. ಕ್ಷಮೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು: "ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬುದರಲ್ಲಿ ತಪ್ಪು ಮಾಡಿದವರೇ ಇಲ್ಲ. ಹಾಗಿರುವ ಕ್ಷಮೆ ಗಾಯಕ್ಕೆ ಉಪ್ಪು.

ಬರೆಯುವುದೇ ಕಷ್ಟವಾದವರಿಗೆ, ಭಾಷೆ ಹೊಸತಾದವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಅವರು ಹೇಳಬೇಕಾದ್ದನ್ನು ತಾವೇ ಹೇಳಿ, ವಾಕ್ಯ ನೇರ ಮಾಡಲು ಮಾತ್ರ ನೆರವು ಪಡೆಯಲಿ.

ಕಾನೂನು ಪತ್ರ, ವೈದ್ಯರ ವರದಿ ಇವನ್ನು ಸರಳ ಕನ್ನಡಕ್ಕೆ ಮಾಡಿಸಿಕೊಳ್ಳಬಹುದಾ?

ನಿಮ್ಮ ತಿಳಿವಳಿಕೆಗೆ ಮಾಡಿಸಿಕೊಳ್ಳಿ, ಮೂಲವನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಕರಾರಿನಲ್ಲಿ 'ಸಲ್ಲಿಸತಕ್ಕದ್ದು' ಎಂದಿದ್ದರೆ ಅದು ಕಡ್ಡಾಯ. ಸರಳ ಮಾಡುವಾಗ 'ಸಲ್ಲಿಸಬಹುದು' ಎಂದಾದರೆ ನೀವು ಗಡುವು ತಪ್ಪಿಸಿಕೊಳ್ಳುತ್ತೀರಿ. 'ಮತ್ತು', 'ಅಥವಾ' ಅದಲುಬದಲಾದರೂ ಅಷ್ಟೇ ಅನಾಹುತ. ಔಷಧದ ಪ್ರಮಾಣ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಮೂಲದಿಂದಲೇ ಓದಿ. ಸರಳ ಮಾಡಿಸಿದ್ದನ್ನು ಇನ್ನೊಬ್ಬರ ಕೈಗೆ ಕೊಡುವ ಮುಂಚೆ ಆ ವಿಷಯ ಬಲ್ಲವರು ಒಮ್ಮೆ ಓದಲೇಬೇಕು.

## ಪಳಗಿದವರಿಗೆ

ನನ್ನದೇ ಶೈಲಿಯಲ್ಲಿ ಬರೆಯೋ ಹಾಗೆ ಮಾಡಬಹುದಾ?

ಸ್ವಲ್ಪ ಮಟ್ಟಿಗೆ. ನೀವೇ ಬರೆದ, ಒಂದೇ ಜಾತಿಯ ಮೂರು ನಾಲ್ಕು ಬರಹ ಕೊಡಿ. ಕಚೇರಿ ಪತ್ರದ ಶೈಲಿ ಬೇಕಾದರೆ ಕಚೇರಿ ಪತ್ರಗಳನ್ನೇ ಕೊಡಿ, ಗೆಳೆಯರಿಗೆ ಬರೆದದ್ದನ್ನು ಬೆರೆಸಬೇಡಿ. ಕೂಡಲೇ "ಹೀಗೆ ಬರಿ" ಅನ್ನದೆ, ಮೊದಲು "ಈ ಬರಹಗಳ ಅಭ್ಯಾಸಗಳನ್ನು ವಿವರಿಸು" ಅನ್ನಿ. ವಾಕ್ಯ ಎಷ್ಟುದ್ದ, ಹೇಗೆ ಶುರುವಾಗುತ್ತದೆ, ಯಾವ ಪದ ಬಳಸುವುದೇ ಇಲ್ಲ. ಆ ವಿವರಣೆಯಲ್ಲಿ ತಪ್ಪಿದ್ದನ್ನು ನೀವು ತಿದ್ದಿ. ತಿದ್ದಿದ ವಿವರಣೆ, ಎರಡು ಮಾದರಿ, ಬೇಡದ್ದರ ಪಟ್ಟಿ, ಈ ಮೂರನ್ನು ಒಂದು ಕಡತದಲ್ಲಿಟ್ಟುಕೊಂಡು ಪ್ರತಿ ಸಲ ಬಳಸಿ.

ಒಂದು ಎಚ್ಚರ. ಅದು ಮೊದಲು ಹಿಡಿಯುವುದು ಮೇಲ್ಮೈಯನ್ನು. ನೀವು ಅಪರೂಪಕ್ಕೆ 'ಅಲ್ಲವೇ' ಎಂದು ಮುಗಿಸುತ್ತಿದ್ದರೆ ಅದು ಪ್ಯಾರಾಗೊಂದು 'ಅಲ್ಲವೇ' ತಂದು ನಿಮ್ಮನ್ನೇ ಅಣಕಿಸಿದಂತೆ ಬರೆಯುತ್ತದೆ. "ಇಡೀ ಬರಹದಲ್ಲಿ ಒಂದಕ್ಕಿಂತ ಹೆಚ್ಚು ಬೇಡ" ಎಂದು ಮಿತಿ ಹಾಕಿ.

ಅದೇ ಸೂಚನೆ ಕೊಟ್ರೂ ಪ್ರತಿ ಸಲ ಬೇರೆ ಬೇರೆ ಬರುತ್ತೆ?

ಮುಂದಿನ ತುಣುಕಿಗೆ ಹಲವು ಅಭ್ಯರ್ಥಿಗಳಿರುತ್ತವೆ, ಸಂಭವದ ತೂಕದ ಮೇಲೆ ಚೀಟಿ ಎತ್ತಿದಂತೆ ಒಂದನ್ನು ಆರಿಸುತ್ತದೆ. ಆ ಚೀಟಿ ಎಷ್ಟು ಸಡಿಲ ಎಂಬುದನ್ನು ಟೆಂಪರೇಚರ್ ಎಂಬ ಅಂಕಿ ನಿಯಂತ್ರಿಸುತ್ತದೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಉತ್ತರ ಸ್ಥಿರ, ಮೇಲೇರಿದಷ್ಟೂ ಚಂಚಲ. ಧಾಟಿ ತಿದ್ದುವ ಕೆಲಸಕ್ಕೆ ಕಡಿಮೆಯೇ ಇರಲಿ. ಆ ತಿರುಗಣೆ ನಿಮ್ಮ ಸಾಧನದಲ್ಲಿ ಇಲ್ಲದಿದ್ದರೆ ಒಂದೇ ಸಲಕ್ಕೆ ಮೂರು ಆವೃತ್ತಿ ಕೇಳಿ, ಆರಿಸಿಕೊಳ್ಳಿ.

ಉದ್ದ ಬರಹದಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಧಾಟಿ ತಪ್ಪುತ್ತೆ.

ದೂರ ಹೋದಷ್ಟೂ ಸೂಚನೆಯ ಹಿಡಿತ ಸಡಿಲಾಗಿ ಅದು ತನ್ನ ಸಹಜ ಸರಾಸರಿಗೆ ಜಾರುತ್ತದೆ. ಅಧ್ಯಾಯವನ್ನು ನಾಲ್ಕೈದು ಪ್ಯಾರಾಗಳ ತುಂಡು ಮಾಡಿ. ಪ್ರತಿ ತುಂಡಿನ ಜೊತೆಗೂ ಶೈಲಿಯ ಸೂಚನೆ, ಹಿಂದಿನ ತುಂಡಿನ ಒಪ್ಪಿಗೆಯಾದ ಕೊನೆಯ ಪ್ಯಾರಾ ಎರಡನ್ನೂ ಕೊಡಿ. ಹೆಸರು, ಪಾರಿಭಾಷಿಕ ಪದಗಳ ಕಾಗುಣಿತಕ್ಕೆ ಪ್ರತ್ಯೇಕ ಪಟ್ಟಿ ಬೇಕು, ಇಲ್ಲವಾದರೆ ಒಂದೇ ಪದ ಮೂರು ರೂಪದಲ್ಲಿ ಬರುತ್ತದೆ.

ಎಐ ಪತ್ತೆ ಹಚ್ಚೋ ಸಾಧನ ನನ್ನ ಸ್ವಂತ ಬರಹವನ್ನೇ ಎಐದು ಅಂದುಬಿಟ್ರೆ?

ಅನ್ನಬಹುದು, ಅಂದಿದೆ ಕೂಡ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥ ಸಾಧನ ಹೊರತಂದು, ನಿಖರತೆ ಕಡಿಮೆ ಎಂದು ಅದೇ ಜುಲೈನಲ್ಲಿ ಹಿಂದೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಎಐ ಬರಹ ಎಂದವು. ಸರಳ ಪದ, ಊಹಿಸಬಹುದಾದ ವಾಕ್ಯ ಕಂಡರೆ ಅವಕ್ಕೆ ಅನುಮಾನ. ಅದೇ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದ ಮೇಲ್ದರ್ಜೆಗೆ ಏರಿಸಿದಾಗ ಅನುಮಾನ ಬಹಳಷ್ಟು ಇಳಿಯಿತು. ಎಐ ಬಳಸದವರು ಸಿಕ್ಕಿಬಿದ್ದು, ಬಳಸಿದಾಗ ಪಾರಾದಂತೆ ಆಯಿತು. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಕರಡುಗಳನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ಪ್ರಶ್ನೆ ಬಂದಾಗ ಬರಹ ಬೆಳೆದ ದಾರಿಯನ್ನು ತೋರಿಸುವುದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಕಚೇರಿಯ ಪತ್ರ, ಮನೆಯ ವಿಷಯ ಇದಕ್ಕೆ ಕೊಟ್ರೆ ಅಪಾಯವಾ?

ನೀವು ಅಂಟಿಸಿದ್ದು ಹೆಚ್ಚಿನ ಸಾಧನಗಳಲ್ಲಿ ಬೇರೆಯವರ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಎಷ್ಟು ದಿನ ಇರುತ್ತದೆ, ತರಬೇತಿಗೆ ಬಳಕೆಯಾಗುತ್ತದೆಯೇ ಎಂಬುದು ಆ ಸೇವೆಯ ನಿಯಮಗಳಲ್ಲಿರುತ್ತದೆ, ಓದಿಕೊಳ್ಳಿ. 2023ರಲ್ಲಿ ಸ್ಯಾಮ್‌ಸಂಗ್‌ನ ನೌಕರರು ಕಂಪನಿಯ ಗೋಪ್ಯ ಸಾಫ್ಟ್‌ವೇರ್ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ, ಕಂಪನಿ ಇಂಥ ಸಾಧನಗಳ ಬಳಕೆಗೆ ನಿರ್ಬಂಧ ಹಾಕಿತು.

ಧಾಟಿ ತಿದ್ದಲು ನಿಜವಾದ ಹೆಸರು ಬೇಕಾಗುವುದೇ ಇಲ್ಲ. ಹೆಸರಿದ್ದಲ್ಲಿ 'ಕ', 'ಖ', ಮೊತ್ತವಿದ್ದಲ್ಲಿ 'ಮೊತ್ತ-1' ಎಂದು ಹಾಕಿ ಕೊಡಿ, ವಾಪಸು ಬಂದಮೇಲೆ ನಿಜದ್ದನ್ನು ತುಂಬಿ. ಅಂಕಿ ತಪ್ಪುವ ಭಯವೂ ಇದರಿಂದ ಹೋಗುತ್ತದೆ. ಬೇರೆಯವರು ನಿಮ್ಮನ್ನು ನಂಬಿ ಹೇಳಿಕೊಂಡದ್ದನ್ನು ಮಾತ್ರ ಹೀಗೆ ಮರೆಮಾಡಿಯೂ ಕೊಡಬೇಡಿ.

ಎಐ ಬಳಸಿದ್ದೆ ಅಂತ ಹೇಳಲೇಬೇಕಾ?

ನಿಮ್ಮ ಬರವಣಿಗೆಯನ್ನೇ ಅಳೆಯುವ ಕಡೆ ಹೇಳಬೇಕು: ಪರೀಕ್ಷೆ, ಸ್ಪರ್ಧೆ, ಅರ್ಜಿಯ ಜೊತೆಗಿನ ಪ್ರಬಂಧ, ಹೆಸರು ಹಾಕಿ ಪ್ರಕಟಿಸುವ ಲೇಖನ. ದಿನನಿತ್ಯದ ಪತ್ರದಲ್ಲಿ ನಾಲ್ಕು ವಾಕ್ಯ ನೇರ ಮಾಡಿಸಿಕೊಂಡದ್ದಕ್ಕೆ ಬೇಡ. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಎಐ ಕಾಯ್ದೆಯೂ ಇಂಥದ್ದೇ ಗೆರೆ ಎಳೆದಿದೆ. ಎಐ ಉತ್ಪಾದಿಸಿದ್ದಕ್ಕೆ ಗುರುತು ಹಾಕಬೇಕೆಂದು ಸಾಧನ ತಯಾರಕರಿಗೆ ಹೇಳುತ್ತಲೇ, ಕೊಟ್ಟ ಪಠ್ಯವನ್ನು ಹೆಚ್ಚೇನೂ ಬದಲಿಸದ ಸಾಮಾನ್ಯ ಸಂಪಾದನೆಗೆ ವಿನಾಯಿತಿ ಕೊಟ್ಟಿದೆ. ನಿಮ್ಮ ಮೂಲವನ್ನೂ ಫಲಿತಾಂಶವನ್ನೂ ಪಕ್ಕದಲ್ಲಿಟ್ಟು ನೋಡಿ. ಮೂಲದ ವಾಕ್ಯ ಒಂದೂ ಉಳಿದಿಲ್ಲವಾದರೆ ಅದನ್ನು ಸಂಪಾದನೆ ಅನ್ನುವುದು ಕಷ್ಟ.

ದಿನಾ ಬಳಸ್ತಾ ಇದ್ರೆ ನನಗೇ ಬರೆಯೋಕೆ ಬಾರದ ಹಾಗೆ ಆಗುತ್ತಾ?

ಹೇಗೆ ಬಳಸುತ್ತೀರಿ ಎಂಬುದರ ಮೇಲಿದೆ. ಖಾಲಿ ಹಾಳೆಯನ್ನೇ ಅದರ ಕೈಗೆ ಕೊಡುವ ಅಭ್ಯಾಸವಾದರೆ ಹೌದು, ಕೈ ಜಡವಾಗುತ್ತದೆ. ನನ್ನಲ್ಲೇ ಅದನ್ನು ಕಂಡು ಕೆಲವು ಕಟ್ಟುಪಾಡು ಹಾಕಿಕೊಂಡೆ. ಮೊದಲ ಕರಡು ಎಷ್ಟೇ ಒರಟಾಗಿರಲಿ ನನ್ನದೇ. ಆಮೇಲೆ ಮತ್ತೆ ಬರೆದುಕೊಡು ಅನ್ನುವ ಬದಲು "ಇದನ್ನು ಓದಿದವರಿಗೆ ನಾನು ಹೇಗೆ ಕೇಳಿಸುತ್ತೇನೆ? ಎಲ್ಲಿ ಹಾಗನಿಸಿತು, ಸಾಲು ತೋರಿಸು" ಎಂದು ಕೇಳುತ್ತೇನೆ. ಬಿರುಸಾಗಿದೆ ಎಂದು ಅದು ತೋರಿಸಿದ ಸಾಲನ್ನು ನಾನೇ ಕೂತು ತಿದ್ದುತ್ತೇನೆ. ಮತ್ತೆ ಬರೆಸಿಕೊಂಡ ದಿನಗಳಲ್ಲೂ ನಕಲು ಮಾಡಿ ಅಂಟಿಸುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು, ಹಿಡಿಸಿದ್ದನ್ನು ನೆನಪಿನಿಂದ ಟೈಪು ಮಾಡುತ್ತೇನೆ. ಕೈ ತಾನಾಗಿ 'ಹೊಂದಿದೆ'ಯನ್ನು ಬಿಟ್ಟು ಮುಂದೆ ಹೋಗುತ್ತದೆ.